ಕೋರ್ಟಿನ ಬಾಗಿಲಲ್ಲಿ ಪಿಸ್ತೂಲು ಒಪ್ಪಿಸುವುದು ಹೇಗೆ? ಪೆನ್ಸಿಲ್ವೇನಿಯಾದ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮಲೆನಾಡಿನ ನಮ್ಮ ಮನೆಯಲ್ಲಿ ಒಂದು ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಚುನಾವಣೆ ಬಂತೆಂದರೆ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಠೇವಣಿ ಇಟ್ಟು ಬರುತ್ತಿದ್ದರು. ರಸೀದಿ ಮಾತ್ರ ಪಹಣಿ, ಪಟ್ಟೆಗಳ ಜೊತೆ ಟ್ರಂಕಿನ ತಳ ಸೇರುತ್ತಿತ್ತು. ‘ಕೋವಿ ಕೊಟ್ಟರೆ ಅರ್ಧ ಕೆಲಸ, ರಸೀದಿ ಕೈಗೆ ಬಂದರೆ ಪೂರ್ತಿ’ ಎನ್ನುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ, ಜ್ಯೂರಿ ಕರ್ತವ್ಯದ ನೋಟಿಸು ಹಿಡಿದು, ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡು ಪೆನ್ಸಿಲ್ವೇನಿಯಾದ ಕೌಂಟಿ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತಾಗ ಮೊದಲು ನೆನಪಾದದ್ದು ಆ ಮಾತು.

ಇಲ್ಲಿ ಬಂದೂಕು ಇಟ್ಟುಕೊಂಡಿರುವ ಕನ್ನಡಿಗರು ಅದರ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ. ಹಬ್ಬದ ಊಟದ ಸಾಲಿನಲ್ಲಿ ಕೇಳುವ ಪ್ರಶ್ನೆಯೂ ಅಲ್ಲ. ಹಾಗಾಗಿ ಸರ್ಕಾರಿ ಕಟ್ಟಡದ ಬಾಗಿಲಿಗೆ ಹೋದ ಮೇಲೆಯೇ ಅನೇಕರಿಗೆ ‘ಈಗ ಇದನ್ನು ಎಲ್ಲಿಡಲಿ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ.

ಪರವಾನಗಿ ಇದ್ದ ಮಾತ್ರಕ್ಕೆ ಸಾಲದು

ಮುಂದೆ ಹೋಗುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನೀವು ಎಚ್-1ಬಿ, ಎಲ್-1, ಎಫ್-1 ಮೊದಲಾದ ವಲಸೆಯೇತರ ವೀಸಾದಲ್ಲಿ ಇದ್ದರೆ ಈ ಲೇಖನ ನಿಮಗಲ್ಲ. ಫೆಡರಲ್ ಕಾನೂನು ಅಂಥವರಿಗೆ ಬಂದೂಕನ್ನೂ ಗುಂಡನ್ನೂ ಹೊಂದಲು ಬಿಡುವುದಿಲ್ಲ. ಬೇಟೆಯ ಪರವಾನಗಿ ಇರುವವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಜೊತೆ ಗುರಿ ಅಭ್ಯಾಸಕ್ಕೆ ಹೋಗುವ ಮೊದಲೂ ವಕೀಲರನ್ನು ಕೇಳುವುದು ಒಳ್ಳೆಯದು. ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ನಾಗರಿಕರಿಗೆ ಈ ಅಡ್ಡಿ ಇಲ್ಲ.

ಪೆನ್ಸಿಲ್ವೇನಿಯಾದಲ್ಲಿ ಕೈಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿ ಅಥವಾ ಕಾರಿನಲ್ಲಿ ಗುಂಡು ತುಂಬಿ ಒಯ್ಯಲು ಪರವಾನಗಿ ಬೇಕು. 21 ವರ್ಷ ತುಂಬಿದವರಿಗೆ ಅದನ್ನು ಕೌಂಟಿಯ ಶೆರಿಫ್ ಕೊಡುತ್ತಾರೆ, ಫಿಲಡೆಲ್ಫಿಯಾದಲ್ಲಾದರೆ ಪೊಲೀಸರು. ಅವಧಿ ಐದು ವರ್ಷ. ಈ ಪರವಾನಗಿ ನದಿಯಾಚೆಯ ನ್ಯೂ ಜೆರ್ಸಿಯಲ್ಲಿ ನಡೆಯುವುದಿಲ್ಲ. ಎಡಿಸನ್‌ಗೆ ದಿನಸಿ ತರಲು ಹೋಗುವ ನಮ್ಮವರು ಸೇತುವೆ ದಾಟುವ ಮೊದಲು ಸೊಂಟ ಮುಟ್ಟಿ ನೋಡಿಕೊಳ್ಳಬೇಕು. ಅಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಮನೆಗೆ ಬರುವ ಮಾತಲ್ಲ, ಜೈಲಿನ ಮಾತು.

ಕಾನೂನು ನಿಮಗೆ ಏನು ಕೊಟ್ಟಿದೆ

ರಾಜ್ಯದ ಅಪರಾಧ ಸಂಹಿತೆಯ 913ನೇ ಸೆಕ್ಷನ್ ನ್ಯಾಯಾಲಯದ ಆವರಣದೊಳಗೆ ಬಂದೂಕನ್ನು ನಿಷೇಧಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಸೆಕ್ಷನ್ ಕೌಂಟಿಯ ಮೇಲೂ ಒಂದು ಹೊರೆ ಹೊರಿಸಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಪರವಾನಗಿ ಇರುವವರು ಬಂದೂಕನ್ನು ತಾತ್ಕಾಲಿಕವಾಗಿ ಇಡಲು 2002ರ ಜುಲೈ 1ರೊಳಗೆ ಪ್ರತಿ ಕೌಂಟಿಯೂ ಕಟ್ಟಡದಲ್ಲಿ ಲಾಕರ್ ಅಥವಾ ಅಂಥದೇ ವ್ಯವಸ್ಥೆ ಮಾಡಬೇಕಿತ್ತು. ಅದಕ್ಕೆ ಶುಲ್ಕ ಕೇಳುವಂತಿಲ್ಲ. ಇಟ್ಟವರಿಗೆ ರಸೀದಿ ಕೊಡಲೇಬೇಕು. ಲಾಕರ್ ಎಲ್ಲಿದೆ ಎಂಬ ಫಲಕವನ್ನೂ ಹಾಕಬೇಕು. ಅಪ್ಪ ಇದ್ದಿದ್ದರೆ ಈ ಕಾಯ್ದೆಯನ್ನು ಮೆಚ್ಚುತ್ತಿದ್ದರು.

‘ನ್ಯಾಯಾಲಯದ ಆವರಣ’ ಎಂದರೆ ನ್ಯಾಯಾಧೀಶರು ಕೂರುವ ಕೋಣೆ ಮಾತ್ರವಲ್ಲ. ಸಾಕ್ಷಿಗಳ ಕೋಣೆ, ಜ್ಯೂರಿ ಕೋಣೆ, ಗುಮಾಸ್ತರ ಕಚೇರಿ, ಸರ್ಕಾರಿ ವಕೀಲರ ಕಚೇರಿ, ಪ್ರೊಬೇಷನ್ ಅಧಿಕಾರಿಗಳ ಕಚೇರಿ, ಇವಕ್ಕೆ ಅಂಟಿಕೊಂಡ ಕಾರಿಡಾರುಗಳು ಎಲ್ಲವೂ ಅದರಲ್ಲಿ ಸೇರಿವೆ. ಶೆರಿಫ್ ಕಚೇರಿಯೂ ಸೇರಿದೆ. ಅಂದರೆ ಪಿಸ್ತೂಲಿನ ಪರವಾನಗಿ ನವೀಕರಿಸಲು ಹೋಗುವಾಗ ಪಿಸ್ತೂಲು ಒಯ್ಯುವಂತಿಲ್ಲ. ಮ್ಯಾಜಿಸ್ಟೀರಿಯಲ್ ಜಿಲ್ಲಾ ನ್ಯಾಯಾಧೀಶರ ಪುಟ್ಟ ನ್ಯಾಯಾಲಯಗಳೂ ಇದರಡಿ ಬರುತ್ತವೆ. ಸ್ಪೀಡಿಂಗ್ ಟಿಕೆಟ್ಟಿನ ವಿಚಾರಣೆಗೆ ಹೋಗುವುದು ಅಲ್ಲಿಗೇ. ಅವು ಕೆಲವು ಕಡೆ ಅಂಗಡಿ ಸಾಲಿನ ಮಧ್ಯೆ ಇರುವುದರಿಂದ ನೋಡಿದರೆ ಕೋರ್ಟು ಎಂದು ಅನ್ನಿಸುವುದೇ ಇಲ್ಲ.

ಪರವಾನಗಿ ಇದ್ದವರು ಲಾಕರಿನಲ್ಲಿ ಇಡದೆ ಒಳಗೆ ಹೋದರೆ ಅದು ‘ಸಮ್ಮರಿ’ ದರ್ಜೆಯ ಸಣ್ಣ ಅಪರಾಧ. ಪರವಾನಗಿ ಇಲ್ಲದವರಿಗೆ ಅದೇ ಕೆಲಸ ಮಿಸ್‌ಡಿಮೀನರ್, ಅಂದರೆ ಅದಕ್ಕಿಂತ ಗಂಭೀರ ದರ್ಜೆಯ ಅಪರಾಧ, ಆಗುತ್ತದೆ. ಸಣ್ಣದು ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಬಾಗಿಲಲ್ಲಿ ಶೆರಿಫ್ ಕೈಕೆಳಗಿನ ನಾಲ್ಕು ಜನ ಡೆಪ್ಯುಟಿಗಳು ನಿಮ್ಮತ್ತ ತಿರುಗುವಾಗ ಅವರಿಗೆ ಅಪರಾಧದ ದರ್ಜೆ ಗೊತ್ತಿರುವುದಿಲ್ಲ, ಪಿಸ್ತೂಲು ಮಾತ್ರ ಕಾಣುತ್ತದೆ.

ಪಕ್ಕದ ರಾಜ್ಯವೊಂದಕ್ಕೆ ಹೋದರೆ ಈ ವ್ಯವಸ್ಥೆ ಇರುತ್ತದೆ ಎಂದುಕೊಳ್ಳಬೇಡಿ. ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಕಾನೂನಿದೆ. ಅಲ್ಲಿ ಸ್ಥಳೀಯ ಆಡಳಿತ ಒಂದೋ ಬೀಗದ ಪೆಟ್ಟಿಗೆ ಇಟ್ಟು ಮಾಲೀಕನಿಗೆ ಕೀಲಿ ಕೊಡಬೇಕು, ಇಲ್ಲವೇ ಆಯುಧ ಪಡೆದು ಕಾಯಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಅವರ ಅಜಾಗರೂಕತೆಯಿಂದ ಆಯುಧ ಕಳೆದುಹೋದರೆ ಹೊಣೆಯೂ ಅವರದೇ. ಸಿಯಾಟಲ್, ಬೆಲ್‌ವ್ಯೂ ಕಡೆಯ ಕನ್ನಡಿಗರು ಇದನ್ನು ತಿಳಿದಿರಬೇಕು.

ಲಾಕರ್ ಇಲ್ಲದ ಬಾಗಿಲುಗಳು

ಯಾವ ಕಟ್ಟಡಕ್ಕೆ ಹೋಗುತ್ತಿದ್ದೀರಿ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಕೌಂಟಿಯದೋ, ಫೆಡರಲ್ ಸರ್ಕಾರದ್ದೋ? ಮೇಲೆ ಹೇಳಿದ ಲಾಕರ್ ಸವಲತ್ತು ಕೌಂಟಿಯ ನ್ಯಾಯಾಲಯದ್ದು. ಫೆಡರಲ್ ಕಟ್ಟಡಗಳಿಗೆ ಆ ಹಂಗು ಇಲ್ಲ.

ಇದು ನಮ್ಮವರಿಗೆ ಮುಖ್ಯ ಏಕೆಂದರೆ ವಲಸೆ ಇಲಾಖೆಯ ಕಚೇರಿ, ಸೋಷಿಯಲ್ ಸೆಕ್ಯುರಿಟಿ ಕಚೇರಿ, ತೆರಿಗೆ ಕಚೇರಿ ಎಲ್ಲವೂ ಫೆಡರಲ್. ಬೆರಳಚ್ಚು ಕೊಡುವುದು, ಪೌರತ್ವದ ಸಂದರ್ಶನ, ಪ್ರಮಾಣವಚನ ಎಲ್ಲದಕ್ಕೂ ಹೋಗುವುದು ಅಂಥ ಬಾಗಿಲಿಗೆ. ಪ್ರಮಾಣವಚನವಂತೂ ಎಷ್ಟೋ ಬಾರಿ ಫೆಡರಲ್ ನ್ಯಾಯಾಲಯದಲ್ಲಿಯೇ ನಡೆಯುತ್ತದೆ. ಫೆಡರಲ್ ಕಚೇರಿಯೊಳಗೆ ಗೊತ್ತಿದ್ದೂ ಬಂದೂಕು ಒಯ್ದರೆ ಒಂದು ವರ್ಷದವರೆಗೆ, ಫೆಡರಲ್ ನ್ಯಾಯಾಲಯಕ್ಕಾದರೆ ಎರಡು ವರ್ಷದವರೆಗೆ ಸೆರೆವಾಸ ಸಾಧ್ಯ. ರಾಜ್ಯದ ಪರವಾನಗಿ ತೋರಿಸಿ ಪ್ರಯೋಜನವಿಲ್ಲ. ಹತ್ತು ಹದಿನೈದು ವರ್ಷ ಕಾದು ಪಡೆಯುವ ಪೌರತ್ವವನ್ನು ಸೊಂಟದ ಮೇಲಿನ ಒಂದು ಕಿಲೋ ಕಬ್ಬಿಣಕ್ಕಾಗಿ ಪಣಕ್ಕಿಡುವುದು ಹುಚ್ಚುತನ. ಮನೆಯಲ್ಲಿಟ್ಟು ಹೋಗಿ.

ಅಂಚೆ ಕಚೇರಿ ಇನ್ನೂ ಸೂಕ್ಷ್ಮ. ಅಂಚೆ ಇಲಾಖೆಯ ನಿಯಮ ಕಟ್ಟಡಕ್ಕೆ ಮಾತ್ರವಲ್ಲ, ಅದರ ಜಾಗಕ್ಕೆಲ್ಲ ಅನ್ವಯಿಸುತ್ತದೆ. ಪಾರ್ಕಿಂಗ್ ಜಾಗವೂ ಅದರಲ್ಲಿ ಬಂತು. ಈ ನಿಯಮದ ಮೇಲೆ ಕೋರ್ಟುಗಳಲ್ಲಿ ವಾದಗಳು ನಡೆದಿವೆ. ಆ ವಾದದಲ್ಲಿ ನೀವು ಮುಂದಿನ ಕಕ್ಷಿಯಾಗಬೇಕಿಲ್ಲ.

ಹಿಂದಿನ ದಿನದ ಫೋನು

ಕೌಂಟಿ ನ್ಯಾಯಾಲಯಕ್ಕೇ ಹೋಗುವುದಿದ್ದರೂ ನನ್ನ ಮೊದಲ ಸಲಹೆ, ಆಗುವುದಾದರೆ ಪಿಸ್ತೂಲನ್ನು ಮನೆಯ ತಿಜೋರಿಯಲ್ಲಿ ಬಿಟ್ಟು ಹೋಗಿ. ಕೆಲಸದಿಂದ ನೇರವಾಗಿ ಹೋಗಬೇಕು, ರಾತ್ರಿ ಅಂಗಡಿ ಮುಚ್ಚಿ ನಗದು ಹಿಡಿದು ಬರಬೇಕು ಎಂಬಂಥ ಕಾರಣವಿದ್ದರೆ ಮುಂದೆ ಓದಿ.

ಹಿಂದಿನ ದಿನವೇ ಶೆರಿಫ್ ಕಚೇರಿಗೆ ಫೋನು ಮಾಡಿ. ಕೇಳಬೇಕಾದದ್ದು ಇಷ್ಟು: ಲಾಕರ್ ಯಾವ ಬಾಗಿಲಿನ ಬಳಿ ಇದೆ? ಪಿಸ್ತೂಲನ್ನು ಗುಂಡು ತೆಗೆದು ತರಬೇಕೋ, ಹೋಲ್‌ಸ್ಟರಿನಲ್ಲಿ (ಪಿಸ್ತೂಲಿನ ಒರೆಯಲ್ಲಿ) ಇದ್ದ ಹಾಗೆಯೇ ತರಬೇಕೋ? ಗುಂಡು ತೆಗೆಯುವುದಾದರೆ ಎಲ್ಲಿ, ಯಾರ ಮುಂದೆ? ಸಂಜೆ ಎಷ್ಟು ಹೊತ್ತಿನವರೆಗೆ ವಾಪಸು ಪಡೆಯಬಹುದು? ಜೇಬಿನ ಚಾಕು, ಪೆಪ್ಪರ್ ಸ್ಪ್ರೇಯನ್ನೂ ಅಲ್ಲಿಯೇ ಇಡಬಹುದೇ?

ಎರಡನೆಯ ಪ್ರಶ್ನೆ ಅತಿ ಮುಖ್ಯ. ಪಿಸ್ತೂಲು ಹೋಲ್‌ಸ್ಟರಿನೊಳಗೆ ಕುದುರೆ (ಟ್ರಿಗರ್) ಮುಚ್ಚಿಕೊಂಡು ಕೂತಿರುವಷ್ಟು ಹೊತ್ತು ಅದರಿಂದ ಅಪಾಯ ಕಡಿಮೆ. ಅಚಾತುರ್ಯದ ಗುಂಡು ಹೆಚ್ಚಾಗಿ ಹಾರುವುದು ಅದನ್ನು ಹೊರತೆಗೆದು, ತುಂಬಿ, ಖಾಲಿ ಮಾಡಿ ಆಡಿಸುವಾಗ. ಅದಕ್ಕಾಗಿ ಕೆಲವು ಡೆಪ್ಯುಟಿಗಳು ಹೋಲ್‌ಸ್ಟರ್ ಸಮೇತ ಲಾಕರಿಗೆ ಇಡಿ ಎನ್ನುತ್ತಾರೆ. ಕೆಲವರು ತಮ್ಮ ಕಣ್ಣೆದುರೇ ಖಾಲಿಯಾಗಬೇಕು ಎನ್ನುತ್ತಾರೆ. ಅವರ ಮನೆ, ಅವರ ನಿಯಮ. ನೀವಾಗಿ ಪಾರ್ಕಿಂಗ್ ಜಾಗದಲ್ಲಿ ಕಾರಿನ ಸ್ಟಿಯರಿಂಗ್ ಹಿಂದೆ ಬಗ್ಗಿ ಕುಳಿತು ಪಿಸ್ತೂಲು ಬಿಚ್ಚಬೇಡಿ. ನೋಡಿದವರು ಪೊಲೀಸರಿಗೆ ಕರೆ ಮಾಡಿದರೆ ತಪ್ಪು ಅವರದಲ್ಲ.

ಸೊಂಟದ ಪಟ್ಟಿಯ ಪಾಠ

ನಾನು ಎಡವಿದ್ದು ಇಲ್ಲಿ. ನನ್ನ ಹೋಲ್‌ಸ್ಟರ್ ಬೆಲ್ಟು ತೂರಿಸಿ ಹಾಕುವಂಥದ್ದು. ಎರಡು ಸೀಳುಗಳ ಮೂಲಕ ಬೆಲ್ಟು ಹಾಯ್ದು ಹೋಗುತ್ತದೆ, ಗಟ್ಟಿಯಾಗಿ ಕೂರುತ್ತದೆ. ಡೆಪ್ಯುಟಿ ‘ಸರ್, ಹೋಲ್‌ಸ್ಟರ್ ಸಮೇತ ತೆಗೆದು ಇಡಿ’ ಎಂದರು. ಸಮೇತ ತೆಗೆಯಬೇಕಾದರೆ ಬೆಲ್ಟು ಬಿಚ್ಚಬೇಕು. ಬೆಲ್ಟು ಬಿಚ್ಚಿದರೆ ಪಿಸ್ತೂಲಿನ ಭಾರಕ್ಕೆ ಪ್ಯಾಂಟು ಜಾರುತ್ತದೆ. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈ ಪಿಸ್ತೂಲಿನ ಹತ್ತಿರ ಹೋಗಬಾರದು ಎಂದು ಗಾಳಿಯಲ್ಲಿ, ಹಿಂದೆ ಜ್ಯೂರಿಗೆ ಬಂದ ಮೂವತ್ತು ಜನರ ಸಾಲು. ಕೊನೆಗೆ ಇನ್ನೊಬ್ಬ ಡೆಪ್ಯುಟಿ ಪಕ್ಕದ ಕೋಣೆಗೆ ಕರೆದೊಯ್ದು ನಗು ತಡೆದುಕೊಂಡು ಕಾದು ನಿಂತರು.

ಆದ್ದರಿಂದ ಆ ದಿನಕ್ಕೆ ಕ್ಲಿಪ್ಪಿನ ಅಥವಾ ಪ್ಯಾಡಲ್ ಮಾದರಿಯ (ಚಪ್ಪಟೆ ಪಟ್ಟಿಯನ್ನು ಸೊಂಟದೊಳಗೆ ಸಿಕ್ಕಿಸುವಂಥ), ಕುದುರೆಯನ್ನು ಪೂರ್ತಿ ಮುಚ್ಚುವ, ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಹಾಕಿಕೊಳ್ಳಿ. ಒಂದೇ ಎಳೆತಕ್ಕೆ ಪಿಸ್ತೂಲು ಸಮೇತ ಸೊಂಟದಿಂದ ಬಿಡಿಸಿಕೊಳ್ಳಬೇಕು. ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲಿ ನಾಲ್ಕು ಸಲ ಮಾಡಿ ನೋಡಿ. ಕಾಲಿನ ಬಳಿ ಕಟ್ಟುವುದು, ಕಂಕುಳಲ್ಲಿ ತೂಗುವುದು, ಚೀಲದ ತಳದಲ್ಲಿ ಬಿಸಾಡುವುದು ಇವೆಲ್ಲ ಆ ದಿನ ಬೇಡ.

ಜೇಬಿನಲ್ಲಿ ಮೂರು ಕಾಗದ ಮುಂದೆಯೇ ಇರಲಿ: ಪಿಸ್ತೂಲಿನ ಪರವಾನಗಿ, ಡ್ರೈವಿಂಗ್ ಲೈಸೆನ್ಸ್, ಕೋರ್ಟಿನ ನೋಟಿಸು. ಇವು ಪಿಸ್ತೂಲು ಇರುವ ಬದಿಯ ಜೇಬಿನಲ್ಲಿ ಇರಬಾರದು. ಪರವಾನಗಿಯ ಅವಧಿ ಮುಗಿದಿಲ್ಲವೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಅವಧಿ ಮೀರಿದ್ದರೆ ನೀವು ಪರವಾನಗಿ ಇಲ್ಲದವರ ಸಾಲಿಗೆ ಸೇರಿದಿರಿ. ಪಿಸ್ತೂಲಿನ ಕ್ರಮಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಬಾಗಿಲಿನಲ್ಲಿ

ಅರ್ಧ ಗಂಟೆ ಮೊದಲೇ ಹೋಗಿ. ಎಕ್ಸ್-ರೇ ಯಂತ್ರದ ಸಾಲಿನಲ್ಲಿ ಎಲ್ಲರಂತೆ ಸೇರಬೇಡಿ. ಸಾಲು ಮುಂದೆ ಸರಿಯುತ್ತಾ ನಿಮ್ಮನ್ನು ಲೋಹಶೋಧಕದ ಚೌಕಟ್ಟಿನೊಳಕ್ಕೆ ತಳ್ಳಿಬಿಡುತ್ತದೆ. ಬದಿಯಲ್ಲಿ ನಿಂತು, ಎರಡೂ ಕೈ ಕಾಣುವಂತೆ ಎದೆಯ ಮಟ್ಟದಲ್ಲಿ ಇಟ್ಟುಕೊಂಡು, ಸಮವಸ್ತ್ರದ ಡೆಪ್ಯುಟಿಯ ಕಣ್ಣಿಗೆ ಬೀಳಿ. ಅವರು ಹತ್ತಿರ ಬರುವ ತನಕ ಕಾಯಿರಿ.

ಮೊದಲ ಮಾತೇ ‘ಗನ್’ ಆಗಬಾರದು. ಸದ್ದಿನ ನಡುವೆ ಅದೊಂದು ಪದ ಮಾತ್ರ ಹಾರಿಹೋಗಿ ಯಾರದೋ ಕಿವಿಗೆ ಬೀಳುತ್ತದೆ. ಉಳಿದ ವಾಕ್ಯ ಬೀಳುವುದಿಲ್ಲ. ತಗ್ಗಿದ ದನಿಯಲ್ಲಿ, ಮೊದಲು ಪರವಾನಗಿ ಇದೆ ಎಂದು ಹೇಳಿ, ಆಮೇಲೆ ನಿಮ್ಮ ಲಾಕರಿನಲ್ಲಿ ಒಂದು ವಸ್ತು ಇಡಬೇಕಿದೆ ಎನ್ನಿ, ಕೊನೆಗೆ ಅದು ಸೊಂಟದ ಯಾವ ಬದಿಯಲ್ಲಿದೆ ಎಂದು ತಿಳಿಸಿ. ಹೇಳುವಾಗ ಕೈಯಿಂದ ತೋರಿಸಬೇಡಿ. ನಾವು ಮಾತಿನ ಜೊತೆ ಕೈ ಆಡಿಸುವ ಜನ, ‘ಇಲ್ಲೇ ಇದೆ’ ಎಂದು ಅಂಗಿ ಎತ್ತಿ ತೋರಿಸುವ ಚಟ ನಮಗೆ ಸಹಜವಾಗಿಯೇ ಬರುತ್ತದೆ. ಇಲ್ಲಿ ಅದನ್ನು ಬಿಗಿಹಿಡಿಯಬೇಕು.

ಅಲ್ಲಿಂದ ಮುಂದೆ ಅವರು ಹೇಳಿದ್ದನ್ನು ಒಂದೊಂದಾಗಿ ಮಾಡಿ. ಹೇಳದಿದ್ದದ್ದನ್ನು ಮಾಡಬೇಡಿ. ಇಬ್ಬರು ಡೆಪ್ಯುಟಿಗಳು ಎರಡು ರೀತಿ ಹೇಳಿದರೆ ನಿಂತಲ್ಲೇ ನಿಂತು, ಯಾರ ಮಾತು ಕೇಳಲಿ ಎಂದು ಕೇಳಿ. ಪಿಸ್ತೂಲನ್ನು ಅವರೇ ತೆಗೆದುಕೊಳ್ಳುತ್ತೇವೆ ಎಂದರೆ ಕೈ ದೂರವಿಟ್ಟು ಬಿಡಿ, ಸ್ವಾಭಿಮಾನದ ಪ್ರಶ್ನೆ ಮಾಡಬೇಡಿ.

ಖಾಲಿ ಮಾಡಿ ಎಂದರೆ

ಬೆರಳು ಕುದುರೆಯಿಂದ ಹೊರಗೆ, ನಳಿಗೆ ಅವರು ತೋರಿಸಿದ ದಿಕ್ಕಿಗೆ. ಕೆಲವು ಕಡೆ ಮರಳು ತುಂಬಿದ ಕೊಳವೆ ಅಥವಾ ಡಬ್ಬ ಇಟ್ಟಿರುತ್ತಾರೆ. ನಳಿಗೆಯ ಬಾಯಿ ಅದರೊಳಗೆ ಇರಬೇಕು. ಅರೆ ಸ್ವಯಂಚಾಲಿತ ಪಿಸ್ತೂಲಾದರೆ ಮ್ಯಾಗಜೀನ್ (ಹಿಡಿಯೊಳಗಿನ ಗುಂಡಿನ ಡಬ್ಬಿ) ಮೊದಲು, ಸ್ಲೈಡ್ (ಹಿಂದಕ್ಕೆ ಎಳೆಯುವ ಮೇಲ್ಭಾಗ) ಆಮೇಲೆ. ಕ್ರಮ ತಪ್ಪಿ ಮೊದಲು ಸ್ಲೈಡ್ ಎಳೆದರೆ ಒಂದು ಗುಂಡು ಹೊರಬಿದ್ದು ಮ್ಯಾಗಜೀನಿನಿಂದ ಇನ್ನೊಂದು ಒಳಸೇರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೆ ಕೈಯಲ್ಲಿ ಖಾಲಿಯಂತೆ ಕಾಣುವ, ಖಾಲಿಯಲ್ಲದ ಪಿಸ್ತೂಲು ಉಳಿಯುತ್ತದೆ. ಮ್ಯಾಗಜೀನ್ ಇಲ್ಲದಿದ್ದರೂ ಎಷ್ಟೋ ಪಿಸ್ತೂಲುಗಳು ನಳಿಗೆಯ ಬುಡದ ಗುಂಡಿನ ಕೋಣೆಯಲ್ಲಿರುವ (ಚೇಂಬರ್) ಗುಂಡನ್ನು ಹಾರಿಸುತ್ತವೆ. ಸ್ಲೈಡನ್ನು ಹಿಂದಕ್ಕೆ ಎಳೆದು ಸಿಕ್ಕಿಸಿ, ಗುಂಡಿನ ಕೋಣೆಯನ್ನು ಕಣ್ಣಿಂದ ನೋಡಿ, ಕಿರುಬೆರಳ ತುದಿಯಿಂದ ಮುಟ್ಟಿ ನೋಡಿ. ಹಾರಿಬಿದ್ದ ಗುಂಡನ್ನು ಹಿಡಿಯಲು ಹೋಗಬೇಡಿ, ಉರುಳಿ ಹೋಗಲಿ, ಆಮೇಲೆ ಎತ್ತಿಕೊಂಡರಾಯಿತು.

ರಿವಾಲ್ವರಾದರೆ ಸಿಲಿಂಡರನ್ನು ಬದಿಗೆ ತೆರೆದು, ನಳಿಗೆ ಮೇಲಕ್ಕೆ ಮಾಡಿ ಕಡ್ಡಿ ಒತ್ತಿದರೆ ಗುಂಡುಗಳೆಲ್ಲ ಅಂಗೈಗೆ ಬೀಳುತ್ತವೆ. ತೂತುಗಳನ್ನು ಎಣಿಸಿ.

ಲಾಕರ್, ಕೀಲಿ, ರಸೀದಿ

ನಾನು ಕಂಡ ಲಾಕರ್ ಬೂದುಬಣ್ಣದ ಉಕ್ಕಿನದು, ಅಂಚೆಪೆಟ್ಟಿಗೆಯ ಖಾನೆಗಳಷ್ಟೇ ದೊಡ್ಡದು, ಒಳಗೆ ಸವೆದ ರಬ್ಬರ್ ಹಾಸು. ಪಿಸ್ತೂಲಿನ ಜೊತೆ ಮ್ಯಾಗಜೀನು, ಬಿಡಿಗುಂಡು ಎಲ್ಲವೂ ಅದರೊಳಗೆ ಹೋಗಬೇಕು. ಹೆಚ್ಚುವರಿ ಮ್ಯಾಗಜೀನನ್ನು ಕೋಟಿನ ಜೇಬಿನಲ್ಲಿ ಮರೆತು ಲೋಹಶೋಧಕ ಕೂಗಿಸುವವರು ಬಹಳ. ಜೇಬುಗಳನ್ನೆಲ್ಲ ಇನ್ನೊಮ್ಮೆ ತಡವಿ.

ರಸೀದಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ಕ್ರಮಸಂಖ್ಯೆ ಬರೆದಿದ್ದರೆ ನಿಮ್ಮ ಚೀಟಿಯ ಜೊತೆ ಹೋಲಿಸಿ. ಸೊನ್ನೆಯನ್ನು ಇಂಗ್ಲಿಷಿನ ‘ಓ’ ಎಂದು ಬರೆದುಕೊಳ್ಳುವುದು, ಅಂಕಿಗಳು ಹಿಂದುಮುಂದಾಗುವುದು ಎಲ್ಲ ಕಚೇರಿಗಳಲ್ಲೂ ಆಗುವಂಥದ್ದು. ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ. ಬರೀ ಕೀಲಿ ಕೊಟ್ಟು ಕಳಿಸಿದರೆ, ಕಾಯ್ದೆಯಲ್ಲಿ ರಸೀದಿ ಕೊಡಬೇಕೆಂದಿದೆ, ಒಂದು ಚೀಟಿ ಸಿಗಬಹುದೇ ಎಂದು ಮೃದುವಾಗಿ ಕೇಳಿ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಟೋಕನ್ ಕಳೆದುಕೊಂಡರೆ ಹೊಸ ಚಪ್ಪಲಿ ಕೊಂಡರಾಯಿತು. ಇಲ್ಲಿ ಕೀಲಿ ಕಳೆದರೆ, ಇದು ನಿಮ್ಮದೇ ಎಂದು ತೋರಿಸಲು ಆ ಚೀಟಿಯೇ ಗತಿ. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಿ.

ಮಧ್ಯಾಹ್ನ ಊಟಕ್ಕೆ ಹೊರಗೆ ಹೋದರೆ ಪಿಸ್ತೂಲು ಅಲ್ಲಿಯೇ ಇರಲಿ. ತೆಗೆದು ಮತ್ತೆ ಇಡುವ ಪ್ರತಿ ಸಲವೂ ಹೊಸ ಅಪಾಯ.

ಲಾಕರ್ ಖಾಲಿ ಇಲ್ಲ ಅಥವಾ ಇಲ್ಲಿ ಆ ವ್ಯವಸ್ಥೆಯೇ ಇಲ್ಲ ಎಂದರೆ ಬಾಗಿಲಲ್ಲಿ 913ನೇ ಸೆಕ್ಷನ್ ಓದಿ ಹೇಳಲು ಹೋಗಬೇಡಿ. ಕಾಯ್ದೆ ನಿಮ್ಮ ಕಡೆ ಇದ್ದರೂ ಆ ಹೊತ್ತಿನಲ್ಲಿ ಗೆಲ್ಲುವವರು ಅವರೇ. ವಾಪಸು ಹೋಗಿ ಮನೆಯಲ್ಲಿಟ್ಟು ಬನ್ನಿ. ತಡವಾಗುತ್ತದೆ ಎಂದರೆ ಕೋರ್ಟಿನ ಗುಮಾಸ್ತರಿಗೆ ಫೋನು ಮಾಡಿ. ಕಾರಿನಲ್ಲಿ ಬಿಡುವುದು ಕೊನೆಯ ದಾರಿ; ಬಿಡಲೇಬೇಕಾದರೆ ಸೀಟಿನ ಚೌಕಟ್ಟಿಗೆ ಉಕ್ಕಿನ ತಂತಿಯಿಂದ ಬಿಗಿದ ಪೆಟ್ಟಿಗೆಯಲ್ಲಿ, ಹೊರಗಿನಿಂದ ಕಾಣದಂತೆ. ಡ್ಯಾಶ್‌ಬೋರ್ಡಿನ ಗೂಡು ಪೆಟ್ಟಿಗೆಯಲ್ಲ. ದೂರನ್ನು ಆಮೇಲೆ, ದಿನಾಂಕ ಸಮಯ ಬರೆದು, ಕೌಂಟಿ ಆಡಳಿತಕ್ಕೆ ಕಳಿಸಿ.

ಸಾಲಿನಲ್ಲಿ ನಿಂತ ಮೇಲೆ ಪಿಸ್ತೂಲಿನ ನೆನಪಾದರೆ ಹಿಂದೆ ಸರಿದು ಹೊರಬನ್ನಿ. ಚೀಲ ಆಗಲೇ ಯಂತ್ರದೊಳಗೆ ಹೋಗಿದ್ದರೆ ಓಡಿ ಎಳೆದುಕೊಳ್ಳಬೇಡಿ. ಕೈ ಎತ್ತಿ ನಿಂತು ಡೆಪ್ಯುಟಿಗೆ ಹೇಳಿ.

ವಾಪಸು ಸಿಗದಿರುವ ಒಂದು ಸಂದರ್ಭ

ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೋರಿದ ಅರ್ಜಿಯಲ್ಲಿ ನೀವು ಎದುರುದಾರರಾಗಿದ್ದರೆ ಆ ದಿನ ಪಿಸ್ತೂಲು ತರಲೇಬೇಡಿ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪೆನ್ಸಿಲ್ವೇನಿಯಾದ ಕಾನೂನಿನಂತೆ, ವಿಚಾರಣೆ ನಡೆದು ಅಂತಿಮ ಆದೇಶ ನಿಮ್ಮ ವಿರುದ್ಧ ಬಂದರೆ 24 ಗಂಟೆಯೊಳಗೆ ಎಲ್ಲ ಬಂದೂಕುಗಳನ್ನು ಒಪ್ಪಿಸಬೇಕು. ಮೊದಲಿನಂತೆ ನೆಂಟರ ಮನೆಯಲ್ಲೋ ಗೆಳೆಯನ ಬಳಿಯೋ ಇಡುವ ದಾರಿ ಈಗ ಇಲ್ಲ. ಇಂಥ ಆದೇಶ ಇರುವವರು ಬಂದೂಕು ಹೊಂದಬಾರದು ಎಂಬ ಫೆಡರಲ್ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿಯಿತು. ಬೆಳಿಗ್ಗೆ ಲಾಕರಿಗೆ ಇಟ್ಟದ್ದು ಸಂಜೆ ನಿಮ್ಮ ಕೈಗೆ ಬರುತ್ತದೆ ಎಂಬ ಭರವಸೆ ಅಂದು ಇರುವುದಿಲ್ಲ.

ಹೊರಡುವಾಗ

ಕೆಲಸ ಮುಗಿಸಿ ಹೊರಬಂದ ಕೂಡಲೇ ಲಾಕರಿನ ಬಳಿಗೆ ನುಗ್ಗಬೇಡಿ. ಮತ್ತೆ ಡೆಪ್ಯುಟಿಯನ್ನು ಕಂಡು, ವಾಪಸು ಬೇಕು ಎಂದು ಹೇಳಿ, ಅವರು ಜೊತೆಗೆ ಬಂದ ಮೇಲೆ ತೆರೆಯಿರಿ. ಹೋಲ್‌ಸ್ಟರಿನಲ್ಲೇ ಇಟ್ಟಿದ್ದರೆ ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಖಾಲಿ ಮಾಡಿ ಇಟ್ಟಿದ್ದರೆ ಖಾಲಿಯಾಗಿಯೇ ಒಯ್ಯಿರಿ. ಮೊಗಸಾಲೆಯಲ್ಲಿ ನಿಂತು ಗುಂಡು ತುಂಬುವ ಸದ್ದು ಯಾರಿಗೂ ಹಿತವಲ್ಲ. ಬಿಡಿಗುಂಡುಗಳನ್ನು ಎಣಿಸಿ, ಕೀಲಿ ಹಿಂತಿರುಗಿಸಿ, ರಸೀದಿ ಅವರೇ ಇಟ್ಟುಕೊಳ್ಳುವುದಾದರೆ ಅದರ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿ.

ನನ್ನ ಜ್ಯೂರಿ ಕೆಲಸ ಎರಡನೆಯ ದಿನಕ್ಕೂ ಮುಂದುವರಿಯಿತು. ಆ ದಿನ ಪಿಸ್ತೂಲು ಮನೆಯಲ್ಲಿತ್ತು. ಹಿಂದಿನ ದಿನ ಪ್ಯಾಂಟು ಹಿಡಿದು ನಿಂತವನನ್ನು ಡೆಪ್ಯುಟಿ ಗುರುತು ಹಿಡಿದು, ‘ಇವತ್ತು ಬೆಲ್ಟು ಗಟ್ಟಿಯಾಗಿದೆಯೇ, ಸರ್?’ ಎಂದರು. ಎರಡು ನಿಮಿಷದಲ್ಲಿ ಒಳಗಿದ್ದೆ.